ಹಾಯಿದೋಣಿಯಲ್ಲಿ ಒಂದು ರಾತ್ರಿ: ಹೊರಡುವ ಮುನ್ನ ನಿಮ್ಮ ಹೃದಯದ ಡಾಕ್ಟರ್ ಹೇಳುವ ಕೆಲವು ಮಾತು



ಕಳೆದ ಬಾರಿ ಉಪ್ಪಿನಕಾಯಿ, ಹಪ್ಪಳ ಮತ್ತು ರಕ್ತದೊತ್ತಡದ ಬಗ್ಗೆ ಬರೆದಿದ್ದೆ. ಈ ಬಾರಿಯ ವಿಷಯ ಸ್ವಲ್ಪ ಬೇರೆ. "ಡಾಕ್ಟ್ರೇ, ಮಗ ಹಾಯಿದೋಣಿಯಲ್ಲಿ ಕರ್ಕೊಂಡು ಹೋಗ್ತಾನಂತೆ. ರಾತ್ರಿ ಅಲ್ಲೇ ಮಲಗೋದಂತೆ. ಹೋಗಬಹುದಾ?" ಎಂಬ ಪ್ರಶ್ನೆಯನ್ನು ಈಚೆಗೆ ಮೂರ್ನಾಲ್ಕು ಮಂದಿ ನನ್ನನ್ನು ಕೇಳಿದ್ದಾರೆ. ಮುಂಬೈ, ಪುಣೆಯಲ್ಲಿ ದುಡಿಯುವ ನಮ್ಮ ಮಕ್ಕಳು ವಾರಾಂತ್ಯದಲ್ಲಿ ಹಾಯಿ ಹಿಡಿಯಲು ಕಲಿಯುತ್ತಿದ್ದಾರೆ. ಕಲಿತ ಮೇಲೆ ಅಪ್ಪ ಅಮ್ಮನನ್ನೂ ಕರೆದೊಯ್ಯಬೇಕೆಂದು ಅವರಿಗೆ ಆಸೆ. ಒಳ್ಳೆಯ ಆಸೆಯೇ. ನಮ್ಮ ಹಿರಿಯರಲ್ಲಿ ಎಷ್ಟೋ ಜನ ಮಂಗಳೂರಿನ ಕಡೆಯಿಂದ ಹಡಗು ಹತ್ತಿಯೇ ಮುಂಬೈಗೆ ಬಂದವರು. ಸಮುದ್ರ ನಮಗೆ ಹೊಸದಲ್ಲ.

ಆದರೆ 25-30 ಅಡಿಯ ಹಾಯಿದೋಣಿಯಲ್ಲಿ ರಾತ್ರಿ ಕಳೆಯುವುದೆಂದರೆ ಹಡಗಿನ ಪ್ರಯಾಣವಲ್ಲ, ರೆಸಾರ್ಟ್ ವಾಸವೂ ಅಲ್ಲ. ಒಳಗೆ ನೆಟ್ಟಗೆ ನಿಲ್ಲಲಾಗದ ಒಂದು ಕ್ಯಾಬಿನ್, ಮೂರ್ನಾಲ್ಕು ಕಿರಿದಾದ ಹಾಸಿಗೆ, ಒಂದು ಸ್ಟೋವ್, ಬೀರುವಿನಷ್ಟು ಜಾಗದಲ್ಲಿ ಒಂದು ಟಾಯ್ಲೆಟ್. ಕೆಲವು ದೋಣಿಗಳಲ್ಲಿ ಅದೂ ಇರದೆ ಬರೀ ಒಂದು ಬಕೆಟ್ ಇರುತ್ತದೆ. ಇಷ್ಟರಲ್ಲೇ ರಾತ್ರಿ ಸುಖವಾಗಿ ಕಳೆಯಬಹುದು. ಹೇಗೆಂದು ಹೇಳುತ್ತೇನೆ. ಅದಕ್ಕೂ ಮೊದಲು ಒಬ್ಬರ ಕಥೆ ಕೇಳಿ.

*ಬೇಡದ ಜಾಗದಲ್ಲಿ ನಾಚಿಕೆ*

ಎರಡು ವರ್ಷದ ಹಿಂದಿನ ಜನವರಿ. ಸೋಮವಾರ ಬೆಳಿಗ್ಗೆ ಅರವತ್ತು ದಾಟಿದ ಒಬ್ಬರು ಏದುಸಿರು ಬಿಡುತ್ತಾ ಬಂದರು. ಕುಂದಾಪುರದ ಕಡೆಯವರು, ದಶಕಗಳ ಕಾಲ ಮುಂಬೈಯಲ್ಲಿ ಹೋಟೆಲ್ ನಡೆಸಿದವರು. ಹಿಂದೆ ಹೃದಯಾಘಾತವಾಗಿ ಹೃದಯ ಸ್ವಲ್ಪ ದುರ್ಬಲವಾಗಿತ್ತು. ಮಾತ್ರೆಗಳನ್ನು ತಪ್ಪದೆ ತೆಗೆದುಕೊಳ್ಳುವ ಮನುಷ್ಯ. ಅಂದು ಕಾಲು ಊದಿತ್ತು, ಹಿಂದಿನ ರಾತ್ರಿ ಮಲಗಲಾಗದೆ ಕುಳಿತೇ ಕಳೆದಿದ್ದರು.

ಶನಿವಾರ ಮಗ ಸೊಸೆಯ ಜೊತೆ ಹಾಯಿದೋಣಿಯಲ್ಲಿ ಮಾಂಡ್ವಾ ಕಡೆಗೆ ಹೋಗಿ, ರಾತ್ರಿ ಅಲ್ಲೇ ಲಂಗರು ಹಾಕಿ, ಭಾನುವಾರ ಮರಳಿದ್ದರಂತೆ. ನೀರು ಹೋಗುವ ಮಾತ್ರೆಯನ್ನು ಶುಕ್ರವಾರದಿಂದಲೇ ನಿಲ್ಲಿಸಿದ್ದರು. ಯಾಕೆಂದು ಕೇಳಿದೆ. ತಲೆ ತಗ್ಗಿಸಿ ಹೇಳಿದರು: "ಅಷ್ಟು ಚಿಕ್ಕ ದೋಣಿ ಡಾಕ್ಟ್ರೇ. ಪಕ್ಕದಲ್ಲೇ ಸೊಸೆ ಮಲಗಿರ್ತಾಳೆ. ಪದೇ ಪದೇ ಏಳೋದು ಹೇಗೆ?" ಅದರ ಜೊತೆಗೆ ದೋಣಿಯಲ್ಲಿ ತಿಂದದ್ದು ಚಿಪ್ಸ್, ಇನ್‌ಸ್ಟಂಟ್ ನೂಡಲ್ಸ್, ಉಪ್ಪಿನಕಾಯಿ. ಮಾತ್ರೆ ನಿಂತಿತು, ಉಪ್ಪು ಏರಿತು, ನೀರು ಶ್ವಾಸಕೋಶಕ್ಕೆ ಸೇರಿತು. ನಾಲ್ಕು ದಿನ ಆಸ್ಪತ್ರೆಯಲ್ಲಿ ಇರಬೇಕಾಯಿತು.

ಬೇಸರದ ಸಂಗತಿ ಏನು ಗೊತ್ತೇ? ಅವರು ಆ ಮಾತ್ರೆ ಬಿಡುವ ಅಗತ್ಯವೇ ಇರಲಿಲ್ಲ. ಅವರದ್ದು ಫ್ಯೂರೊಸೆಮೈಡ್. ಅದರ ಕೆಲಸ ಸುಮಾರು ಆರು ಗಂಟೆಯದ್ದು. ಬೆಳಿಗ್ಗೆ 7ಕ್ಕೆ ತೆಗೆದುಕೊಂಡಿದ್ದರೆ ಮಧ್ಯಾಹ್ನದ ಊಟದ ಹೊತ್ತಿಗೆ ಅದರ ಅವಸರ ಬಹುತೇಕ ಮುಗಿದಿರುತ್ತಿತ್ತು. ದೋಣಿ ಹೊರಟದ್ದು ಸಂಜೆ 4ಕ್ಕೆ! ನನಗೆ ಒಂದು ಫೋನ್ ಮಾಡಿದ್ದರೆ ಎರಡು ನಿಮಿಷದಲ್ಲಿ ಮುಗಿಯುವ ವಿಷಯ. ನಾಚಿಕೆ ಅಡ್ಡ ಬಂತು.

ಅವರ ಒಪ್ಪಿಗೆ ಪಡೆದು, ಗುರುತು ಸಿಗದಂತೆ ಕೆಲವು ವಿವರ ಬದಲಿಸಿ ಇದನ್ನು ಬರೆಯುತ್ತಿದ್ದೇನೆ. ಚಿಕ್ಕ ದೋಣಿಯಲ್ಲಿ ರಾತ್ರಿ ಕೆಡುವುದು ದೊಡ್ಡ ಅಲೆಯಿಂದ ಎಂದು ನಾವು ತಿಳಿದಿರುತ್ತೇವೆ. ನಾನು ಕಂಡಂತೆ ಅದು ಕೆಡುವುದು ನೀರು, ಮೂತ್ರ, ಮಾತ್ರೆ, ನಿದ್ದೆ ಎಂಬ ನಾಲ್ಕು ಸಣ್ಣ ವಿಷಯಗಳಿಂದ. ಇವುಗಳ ಬಗ್ಗೆ ದಡದಲ್ಲಿಯೇ ಬಾಯಿಬಿಟ್ಟು ಮಾತಾಡಿಕೊಂಡರೆ ಅರ್ಧ ಕೆಲಸ ಆದಂತೆ.

*1. ಯಾರು ಹೋಗಬಹುದು, ಯಾರು ಬೇಡ*

ಎರಡು ಮಹಡಿ ಮೆಟ್ಟಿಲನ್ನು ಮಧ್ಯೆ ನಿಲ್ಲದೆ, ಎದೆನೋವು ಅಥವಾ ವಿಪರೀತ ಏದುಸಿರು ಇಲ್ಲದೆ ಹತ್ತಬಲ್ಲಿರಾ? ಹಾಗಿದ್ದರೆ ದೋಣಿ ಹತ್ತುವ, ಇಳಿಯುವ ಶ್ರಮವನ್ನು ನಿಮ್ಮ ಹೃದಯ ಸಾಮಾನ್ಯವಾಗಿ ತಡೆದುಕೊಳ್ಳುತ್ತದೆ.

ಕಳೆದ ಕೆಲವು ವಾರಗಳಲ್ಲಿ ಹೃದಯಾಘಾತ ಆದವರು, ಸ್ಟೆಂಟ್ ಹಾಕಿಸಿಕೊಂಡವರು ಅಥವಾ ಬೈಪಾಸ್ ಆದವರು, ಈಚೆಗೆ ಎದೆನೋವು ಹೆಚ್ಚುತ್ತಿರುವವರು, ಅಂಗಾತ ಮಲಗಿದರೆ ಉಸಿರು ಕಟ್ಟುವವರು, ಕಾರಣ ತಿಳಿಯದೆ ತಲೆಸುತ್ತಿ ಬಿದ್ದವರು ಈ ಸಲಕ್ಕೆ ಬಿಡಿ. ಸಮುದ್ರ ಎಲ್ಲಿಗೂ ಹೋಗುವುದಿಲ್ಲ. ಉಳಿದ ಹೃದ್ರೋಗಿಗಳು ನಿಮ್ಮ ವೈದ್ಯರನ್ನು ಒಮ್ಮೆ ಕೇಳಿ ಹೊರಡಿ.

ಕಾಲವನ್ನೂ ನೋಡಿ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಅರಬ್ಬೀ ಸಮುದ್ರ ಚಿಕ್ಕ ದೋಣಿಗಳದ್ದಲ್ಲ. ಗೇಟ್‌ವೇಯಿಂದ ಮಾಂಡ್ವಾಕ್ಕೆ ಹೋಗುವ ಸಣ್ಣ ಲಾಂಚುಗಳೂ ಮಳೆಗಾಲದಲ್ಲಿ ನಿಲ್ಲುತ್ತವೆ. ಮುಂಬೈಯ ಕೋಳಿ ಜನ ನಾರಳಿ ಪೂರ್ಣಿಮೆಯಂದು ಕಡಲಿಗೆ ತೆಂಗಿನಕಾಯಿ ಅರ್ಪಿಸಿದ ಮೇಲೆಯೇ ದೋಣಿ ಇಳಿಸುವುದು ವಾಡಿಕೆ. ನಮ್ಮ ಕರಾವಳಿಯಲ್ಲೂ ಅದೇ ನೂಲಹುಣ್ಣಿಮೆಯಂದು ಸಮುದ್ರಪೂಜೆ ನಡೆಯುತ್ತದೆ. ಮೊದಲ ಸಲ ಹೋಗುವವರಿಗೆ ನವೆಂಬರ್‌ನಿಂದ ಫೆಬ್ರವರಿ ಒಳ್ಳೆಯ ಕಾಲ.

ಮುಂಬೈಯ ಸುತ್ತ ಹುಣ್ಣಿಮೆ, ಅಮಾವಾಸ್ಯೆಗಳ ಆಸುಪಾಸಿನಲ್ಲಿ ಉಬ್ಬರ ಇಳಿತಗಳ ನಡುವಿನ ವ್ಯತ್ಯಾಸ 4 ಮೀಟರ್ ದಾಟುತ್ತದೆ. ಇಳಿತದ ಹೊತ್ತಿನಲ್ಲಿ ಜೆಟ್ಟಿಯ ಪಾಚಿಗಟ್ಟಿದ ಮೆಟ್ಟಿಲುಗಳು ಹೊರಬರುತ್ತವೆ. ಮಂಡಿನೋವಿನ ಹಿರಿಯರು ಜಾರುವುದು ಅಲ್ಲೇ. ನೀರು ಮೇಲಿರುವಾಗ, ಬೆಳಕಿರುವಾಗ ಹತ್ತುವಂತೆ ಸಮಯ ಗೊತ್ತುಮಾಡಿ.

*2. ಮಾತ್ರೆ ಮತ್ತು ನೀರು*

ಬಿ.ಪಿ., ಸಕ್ಕರೆ, ಹೃದಯದ ಮಾತ್ರೆ ಯಾವುದನ್ನೂ ನೀವಾಗಿಯೇ ಬಿಡಬೇಡಿ. ನೀರು ಹೋಗುವ ಮಾತ್ರೆಯ ವೇಳೆಯನ್ನು ಹಿಂದೆ ಮುಂದೆ ಮಾಡಬಹುದೇ ಎಂದು ನಿಮ್ಮ ವೈದ್ಯರನ್ನು ಕೇಳಿ. ಇದು ಕೇಳಬಾರದ ಪ್ರಶ್ನೆಯಲ್ಲ.

ಎಲ್ಲ ಮಾತ್ರೆಯನ್ನೂ ಎರಡು ಜೊತೆ ಇಟ್ಟುಕೊಳ್ಳಿ. ಒಂದು ನಿಮ್ಮ ಚೀಲದಲ್ಲಿ, ಇನ್ನೊಂದು ಬೇರೆಯವರ ಚೀಲದಲ್ಲಿ. ಎರಡನ್ನೂ ಜಿಪ್ ಇರುವ ಪ್ಲಾಸ್ಟಿಕ್ ಲಕೋಟೆಯಲ್ಲಿ ಹಾಕಿ. ಒಂದು ದಿನದ ಪ್ರಯಾಣಕ್ಕೆ ಮೂರು ದಿನದ ಮಾತ್ರೆ ಇರಲಿ. ಗಾಳಿ ಬಿದ್ದರೆ ದೋಣಿ ಹೇಳಿದ ಸಮಯಕ್ಕೆ ಬರುವುದಿಲ್ಲ.

ನೀರು ಕುಡಿಯುವುದನ್ನು ಕಡಿಮೆ ಮಾಡಬೇಡಿ. ಈ ಮಾತು ಹೆಂಗಸರಿಗೆ ಹೆಚ್ಚು. ದೋಣಿಯಲ್ಲಿ ಟಾಯ್ಲೆಟ್‌ಗೆ ಹೋಗಬೇಕಾಗುತ್ತದೆಂದು ಮಧ್ಯಾಹ್ನದಿಂದಲೇ ನೀರು ಬಿಟ್ಟು, ಮರುದಿನ ಉರಿಮೂತ್ರ, ತಲೆನೋವು ಎಂದು ನರಳುವವರನ್ನು ನಾನು ನೋಡಿದ್ದೇನೆ. ಸಮುದ್ರದ ಮೇಲೆ ಬಿಸಿಲು ಮೇಲಿನಿಂದಲೂ ಬೀಳುತ್ತದೆ, ನೀರಿನಿಂದ ಪ್ರತಿಫಲಿಸಿ ಕೆಳಗಿನಿಂದಲೂ ಬರುತ್ತದೆ. ಗಾಳಿ ಬೆವರನ್ನು ಒಣಗಿಸಿಬಿಡುವುದರಿಂದ ದೇಹ ನೀರು ಕಳೆದುಕೊಂಡದ್ದು ಗೊತ್ತೇ ಆಗುವುದಿಲ್ಲ. ತಲೆಗೊಬ್ಬರಂತೆ ದಿನಕ್ಕೆ 3 ಲೀಟರ್ ಕುಡಿಯುವ ನೀರು ದೋಣಿಯಲ್ಲಿರಲಿ. ಮೂತ್ರ ತಿಳಿ ಹಳದಿ ಇದ್ದರೆ ಸರಿ, ಗಾಢವಾದರೆ ನೀರು ಸಾಲದು ಎಂದರ್ಥ. ಹೃದಯದ ಅಥವಾ ಕಿಡ್ನಿಯ ತೊಂದರೆಯಿಂದ ನೀರಿಗೆ ಮಿತಿ ಇರುವವರು ತಮ್ಮ ವೈದ್ಯರು ಹೇಳಿದ ಅಳತೆಯಲ್ಲೇ ಇರಿ.

*3. ಹೊಟ್ಟೆ ತೊಳಸುವಿಕೆ*

ಇದರಲ್ಲಿ ನಾನೇ ಅನುಭವಸ್ಥ. ಮೊದಲ ಸಲ ಹೋದಾಗ ಗೇಟ್‌ವೇ ಹಿಂದೆ ಸರಿಯುವುದನ್ನು ಫೋನಿನಲ್ಲಿ ಚಿತ್ರ ತೆಗೆದೆ. ಆಮೇಲೆ ಕ್ಯಾಬಿನ್ನಿಗೆ ಇಳಿದು ಆಸ್ಪತ್ರೆಯ ಮೆಸೇಜುಗಳಿಗೆ ಉತ್ತರ ಬರೆಯುತ್ತಾ ಕುಳಿತೆ. ಇಪ್ಪತ್ತು ನಿಮಿಷಕ್ಕೆ ಬಕೆಟ್ ಹಿಡಿದಿದ್ದೆ. ದೋಣಿ ನಡೆಸುತ್ತಿದ್ದ ಹುಡುಗ ನನ್ನನ್ನು ಮೇಲೆ ಕರೆದು ಚುಕ್ಕಾಣಿ ಕೈಗೆ ಕೊಟ್ಟ. "ಆ ಬೆಟ್ಟ ನೋಡ್ತಾ ಇರಿ, ಅಷ್ಟೇ" ಅಂದ. ಅರ್ಧ ಗಂಟೆಯಲ್ಲಿ ಸುಧಾರಿಸಿದೆ.

ಅವನು ಮಾಡಿದ್ದು ಸರಿಯಾದ ಚಿಕಿತ್ಸೆ. ಒಳಕಿವಿ "ಅಲ್ಲಾಡುತ್ತಿದ್ದೇವೆ" ಎನ್ನುತ್ತದೆ, ಫೋನ್ ನೋಡುವ ಕಣ್ಣು "ಇಲ್ಲ, ನಿಂತಿದ್ದೇವೆ" ಎನ್ನುತ್ತದೆ. ಈ ಜಗಳದಿಂದಲೇ ಹೊಟ್ಟೆ ತೊಳಸುವುದು. ದೂರದ ದಡ ಅಥವಾ ದಿಗಂತ ನೋಡಿದರೆ ಕಣ್ಣು ಕಿವಿ ಎರಡೂ ಒಂದೇ ಮಾತು ಹೇಳುತ್ತವೆ. ಆದ್ದರಿಂದ:

- ಮೊದಲ ಒಂದೆರಡು ಗಂಟೆ ಮೇಲೆಯೇ, ದೋಣಿಯ ಮಧ್ಯಭಾಗಕ್ಕೆ ಹತ್ತಿರ ಕುಳಿತಿರಿ. ಅಲ್ಲಿ ಕುಲುಕಾಟ ಕಡಿಮೆ.
- ಫೋನ್, ಪುಸ್ತಕ ಬೇಡ. ಕೆಳಗೆ ಇಳಿಯಲೇಬೇಕಾದರೆ ತಕ್ಷಣ ಮಲಗಿ ಕಣ್ಣು ಮುಚ್ಚಿ.
- ಹೊಟ್ಟೆ ಖಾಲಿಯೂ ಬೇಡ, ಬಿರಿಯುವಷ್ಟೂ ಬೇಡ. ಎರಡು ಇಡ್ಲಿ ಅಥವಾ ಒಂದು ಚಪಾತಿ ಸಾಕು. ಕರಿದದ್ದು, ಮದ್ಯ ಬೇಡವೇ ಬೇಡ. ಶುಂಠಿ ಕೆಲವರಿಗೆ ಹಿತ.
- ವಾಂತಿಯಾದರೆ ಒಂದು ಲೀಟರ್ ನೀರಿಗೆ ಒಂದು ದೊಡ್ಡ ಪ್ಯಾಕೆಟ್ ಒ.ಆರ್.ಎಸ್. ಬೆರೆಸಿ ಚಮಚ ಚಮಚವಾಗಿ ಕೊಡಿ. ಗಟಗಟ ಕುಡಿದರೆ ಮತ್ತೆ ಹೊರಬರುತ್ತದೆ. ಹೃದಯ ದುರ್ಬಲವಿರುವವರು ಇದರ ಅಳತೆಯನ್ನೂ ಮೊದಲೇ ಕೇಳಿಟ್ಟುಕೊಳ್ಳಿ, ಅದರಲ್ಲೂ ಉಪ್ಪಿದೆ.

ವಾಂತಿ ತಡೆಯುವ ಮಾತ್ರೆಗಳನ್ನು ಹೊರಡುವ ಒಂದೆರಡು ಗಂಟೆ ಮೊದಲೇ ತೆಗೆದುಕೊಳ್ಳಬೇಕು. ವಾಂತಿ ಶುರುವಾದ ಮೇಲೆ ನುಂಗಿದರೆ ಅದು ಹೊಟ್ಟೆಯಲ್ಲಿ ನಿಲ್ಲುವುದೇ ಇಲ್ಲ. ಪ್ರೊಮೆಥಜಿನ್, ಸಿನ್ನರಿಜಿನ್‌ನಂಥ ಮಾತ್ರೆಗಳು ತೂಕಡಿಕೆ ತರುತ್ತವೆ. ಬೇರೊಂದು ದಿನ ಮನೆಯಲ್ಲೇ ಒಮ್ಮೆ ನೋಡಿಕೊಳ್ಳಿ. ಪ್ರಾಸ್ಟೇಟ್ ತೊಂದರೆ, ಗ್ಲಾಕೋಮಾ, ಹೃದಯಬಡಿತದ ಲಯದ ತೊಂದರೆ ಇರುವವರು ವೈದ್ಯರನ್ನು ಕೇಳದೆ ಇವನ್ನು ತೆಗೆದುಕೊಳ್ಳಬಾರದು.

ಸಕ್ಕರೆ ಕಾಯಿಲೆಯವರಿಗೆ ಒಂದು ಎಚ್ಚರಿಕೆ. ಇನ್ಸುಲಿನ್ ಅಥವಾ ಮಾತ್ರೆ ದೇಹದೊಳಗಿದ್ದು ಊಟ ಹೊರಗೆ ಹೋದರೆ ಸಕ್ಕರೆ ಕುಸಿಯಬಹುದು. ಬೆವರು, ನಡುಕ, ಗೊಂದಲ ಕಂಡರೆ ಅದು ಕಡಲ ಕಾಯಿಲೆ ಎಂದು ಸುಮ್ಮನಿರಬೇಡಿ. ಸಕ್ಕರೆ ಅಳೆಯಿರಿ. ಗ್ಲೂಕೋಸ್ ಪುಡಿ ಅಥವಾ ಬೆಲ್ಲ ಜೇಬಿನಲ್ಲೇ ಇರಲಿ.

*4. ಊಟ*

ರಾತ್ರಿಯ ಅಡುಗೆ ಮನೆಯಿಂದಲೇ ಬರಲಿ. ಚಿತ್ರಾನ್ನ, ಚಪಾತಿ ಪಲ್ಯ, ಮೊಸರನ್ನ, ಒಗ್ಗರಣೆ ಅವಲಕ್ಕಿ, ಇವೆಲ್ಲ ಒಂದು ಕೈಯಲ್ಲಿ ಡಬ್ಬಿ ಹಿಡಿದು ತಿನ್ನುವಂಥವು. ಮೊಸರನ್ನವನ್ನು ಬೇಗ ಖಾಲಿ ಮಾಡಿ. ವಾಂತಿಯಾದವರಿಗೆ ತಿಳಿ ಗಂಜಿಯಷ್ಟು ಒಳ್ಳೆಯದು ಬೇರೆ ಇಲ್ಲ. ಹೃದಯ ದುರ್ಬಲವಿರುವವರಿಗೆ, ಬಿ.ಪಿ. ಇರುವವರಿಗೆ ಉಪ್ಪಿನಕಾಯಿ, ಚಿಪ್ಸ್, ನೂಡಲ್ಸ್ ಪ್ಯಾಕೆಟ್ ಬೇಡ.

ಚಹಾ ಕಾಯಿಸುವಾಗ ಒಂದು ನಿಯಮ. ಸ್ಟೋವ್ ಉರಿಯುವಾಗ ಕ್ಯಾಬಿನ್ನಿನ ಬಾಗಿಲು, ಕಿಂಡಿ ತೆರೆದಿರಲಿ. ಮುಚ್ಚಿದ ಚಿಕ್ಕ ಜಾಗದಲ್ಲಿ ಬೆಂಕಿ ಸರಿಯಾಗಿ ಉರಿಯದೆ ಕಾರ್ಬನ್ ಮೊನಾಕ್ಸೈಡ್ ಅನಿಲ ಸೇರುತ್ತದೆ. ಅದಕ್ಕೆ ವಾಸನೆ ಇಲ್ಲ, ಬಣ್ಣ ಇಲ್ಲ. ತಲೆನೋವು, ವಾಕರಿಕೆ, ಮಂಕು ಅದರ ಲಕ್ಷಣ, ಎಲ್ಲವೂ ಕಡಲ ಕಾಯಿಲೆಯಂತೆಯೇ! ಅದು ರಕ್ತದಲ್ಲಿ ಆಮ್ಲಜನಕದ ಜಾಗ ಹಿಡಿಯುತ್ತದೆ, ಹಾಗಾಗಿ ಹೃದ್ರೋಗಿಗಳಿಗೆ ಇನ್ನೂ ಅಪಾಯ. ಒಳಗಿರುವ ಇಬ್ಬರಿಗೆ ಒಟ್ಟಿಗೆ ತಲೆನೋವು ಬಂದರೆ ಯೋಚಿಸುತ್ತಾ ಕೂರಬೇಡಿ, ಎಲ್ಲರೂ ಮೇಲೆ ಬನ್ನಿ. ಬೆಚ್ಚಗಾಗಲಿ ಎಂದು ಸ್ಟೋವ್ ಉರಿಸಿಟ್ಟು ಮಲಗುವುದು ಎಂದಿಗೂ ಕೂಡದು.

*5. ರಾತ್ರಿ ಮೂತ್ರಕ್ಕೆ ಏಳುವ ಆ ಎರಡು ನಿಮಿಷ*

ಈ ಲೇಖನದಲ್ಲಿ ಒಂದೇ ಭಾಗ ನೆನಪಿಟ್ಟುಕೊಳ್ಳುವುದಾದರೆ ಇದನ್ನು ಇಟ್ಟುಕೊಳ್ಳಿ.

ಗಾಢ ನಿದ್ದೆಯಿಂದ ದಿಢೀರ್ ಎದ್ದು ನಿಂತಾಗ ರಕ್ತ ಕಾಲಿಗೆ ಇಳಿಯುತ್ತದೆ, ಬಿ.ಪಿ. ತಗ್ಗುತ್ತದೆ. ತುಂಬಿದ ಮೂತ್ರಕೋಶ ಖಾಲಿಯಾಗುವಾಗ ನರಗಳ ಪ್ರತಿಕ್ರಿಯೆಯಿಂದ ಅದು ಇನ್ನಷ್ಟು ತಗ್ಗಬಹುದು. ನಿಂತು ಮೂತ್ರ ಮಾಡುತ್ತಿರುವಾಗಲೇ ಕಣ್ಣು ಕತ್ತಲೆಯಾಗಿ ಕುಸಿಯುವ ಗಂಡಸರನ್ನು ನಾವು ಆಸ್ಪತ್ರೆಯಲ್ಲಿ ಆಗಾಗ ನೋಡುತ್ತೇವೆ. ಬಿ.ಪಿ. ಮಾತ್ರೆ, ಪ್ರಾಸ್ಟೇಟ್ ಮಾತ್ರೆ, ಒಂದೆರಡು ಪೆಗ್ ಇದ್ದರಂತೂ ಇನ್ನೂ ಹೆಚ್ಚು. ಮನೆಯಲ್ಲಾದರೆ ಬಚ್ಚಲಿನಲ್ಲಿ ಬೀಳುತ್ತಾರೆ. ದೋಣಿಯ ಅಂಚಿನಲ್ಲಿ ನಿಂತವರು ಸಮುದ್ರಕ್ಕೆ ಬೀಳುತ್ತಾರೆ, ಅದೂ ಕತ್ತಲಲ್ಲಿ, ಎಲ್ಲರೂ ಮಲಗಿರುವಾಗ.

ಆದ್ದರಿಂದ ದೋಣಿಯ ಅಂಚಿಗೆ ಹೋಗಿ ನಿಲ್ಲುವ ಪದ್ಧತಿಯನ್ನೇ ಬಿಡಿ. ಹೀಗೆ ಮಾಡಿ:

- ಅಗಲ ಬಾಯಿಯ, ಮುಚ್ಚಳ ಬಿಗಿಯಾಗುವ ಯೂರಿನ್ ಬಾಟಲಿ ಮೆಡಿಕಲ್ ಶಾಪಿನಲ್ಲಿ ಸಿಗುತ್ತದೆ. ಹಿರಿಯರ ಹಾಸಿಗೆಯ ಪಕ್ಕ ಒಂದು ಇರಲಿ. ಹೆಂಗಸರಿಗೆ ಮುಚ್ಚಳವಿರುವ ಗಟ್ಟಿ ಬಕೆಟ್, ಮಧ್ಯೆ ಒಂದು ಪರದೆ. ಅಷ್ಟಾದರೆ ಯಾರೂ ಮುಜುಗರ ಪಡಬೇಕಾಗಿಲ್ಲ.
- ಗಂಡಸರೂ ಕುಳಿತೇ ಮಾಡಿ.
- ಏಳುವ ಮೊದಲು ಹಾಸಿಗೆಯ ಅಂಚಿನಲ್ಲಿ ಒಂದು ನಿಮಿಷ ಕುಳಿತು, ಪಾದಗಳನ್ನು ಮೇಲೆ ಕೆಳಗೆ ಹತ್ತು ಸಲ ಆಡಿಸಿ.
- ಮೇಲೆ ಬರಲೇಬೇಕಾದರೆ ಒಬ್ಬರನ್ನು ಎಬ್ಬಿಸಿ. "ನಿದ್ದೆ ಕೆಡಿಸೋದು ಯಾಕೆ" ಎಂಬ ಸೌಜನ್ಯ ಇಲ್ಲಿ ಬೇಡ.
- ಕತ್ತಲಾದ ಮೇಲೆ ಮೇಲಿರುವ ಎಲ್ಲರೂ ಲೈಫ್ ಜಾಕೆಟ್ ಹಾಕಿರಬೇಕು. ಅದರ ಜೊತೆ ಸೀಟಿ, ಚಿಕ್ಕ ದೀಪ, ದೋಣಿಗೆ ಕೊಕ್ಕೆ ಹಾಕುವ ಪಟ್ಟಿ ಇರಲಿ.

ರಾತ್ರಿ ಏಳುವುದನ್ನೇ ಕಡಿಮೆ ಮಾಡುವ ಉಪಾಯವೂ ಒಂದಿದೆ. ದಿನವಿಡೀ ಕಾಲು ಇಳಿಬಿಟ್ಟು ಕುಳಿತರೆ ನೀರು ಕಾಲಿನಲ್ಲಿ ಸೇರುತ್ತದೆ. ಮಲಗಿದ ಮೇಲೆ ಅದು ರಕ್ತಕ್ಕೆ ಮರಳಿ ಮೂತ್ರವಾಗುತ್ತದೆ. ಸಂಜೆ ಒಂದು ಗಂಟೆ ಕಾಲನ್ನು ಎದುರಿನ ಆಸನದ ಮೇಲೆ ಚಾಚಿ ಕುಳಿತರೆ ಆ ನೀರು ಮಲಗುವ ಮೊದಲೇ ಹೊರಹೋಗುತ್ತದೆ.

*6. ನಿದ್ದೆ*

ಮೊದಲ ರಾತ್ರಿ ಲಂಗರು ಹಾಕಿ ಮಲಗಿ. ರಾತ್ರಿಯಿಡೀ ಹಾಯಿ ಹಿಡಿದು ಸಾಗುವುದು ಅನುಭವಿಗಳ ಕೆಲಸ. ಮಾಂಡ್ವಾ, ಅಲಿಬಾಗ್ ಕಡೆ ಇರಲಿ, ಗೋವಾ ಇರಲಿ, ಅಲೆ ನೇರವಾಗಿ ಬಾರದ, ಫೋನ್ ಸಿಗ್ನಲ್ ಸಿಗುವ, ಒಂದು ಗಂಟೆಯೊಳಗೆ ರಸ್ತೆಯಿರುವ ಜೆಟ್ಟಿ ತಲುಪಬಹುದಾದ ಜಾಗ ಆರಿಸಿ. ಅಲ್ಲಿ ರಾತ್ರಿ ನಿಲ್ಲಲು ಅನುಮತಿ ಇದೆಯೇ ಎಂದು ದೋಣಿಯವರನ್ನು ಮೊದಲೇ ಕೇಳಿ.

ಲಂಗರಿನ ಸರಪಳಿಯನ್ನು ನೀರಿನ ಆಳದ 5 ಪಟ್ಟು, ಹಗ್ಗವಾದರೆ 7 ಪಟ್ಟು ಬಿಡುವುದು ವಾಡಿಕೆ. ಆಳವನ್ನು ಉಬ್ಬರದ ಲೆಕ್ಕದಲ್ಲಿ ಹಿಡಿಯಬೇಕು. ಲಂಗರು ಜಾರಿದರೆ ಕೂಗುವ ಅಲಾರಂ ಆ್ಯಪ್‌ಗಳು ಫೋನಿನಲ್ಲೇ ಸಿಗುತ್ತವೆ. ಇದನ್ನೆಲ್ಲ ಡಾಕ್ಟರ್ ಯಾಕೆ ಹೇಳುತ್ತಾರೆ ಅನ್ನುತ್ತೀರಾ? ಲಂಗರಿನ ಮೇಲೆ ನಂಬಿಕೆ ಇದ್ದರೆ ಮಾತ್ರ ನಿದ್ದೆ ಬರುತ್ತದೆ. ನಿದ್ದೆಗೆಟ್ಟ ರಾತ್ರಿಯ ಮರುದಿನ ಬಿ.ಪಿ. ಏರುತ್ತದೆ, ತೀರ್ಮಾನಗಳು ತಪ್ಪುತ್ತವೆ.

ಹಿರಿಯರಿಗೆ ದೋಣಿಯ ಮಧ್ಯದ, ತಗ್ಗಿನ ಹಾಸಿಗೆ ಕೊಡಿ. ಮುಂಭಾಗದ ತಿಕೋನದ ಹಾಸಿಗೆ ನೋಡಲು ಚೆಂದ, ಆದರೆ ಕುಲುಕಾಟ ಅಲ್ಲೇ ಹೆಚ್ಚು. ಹೊರಳಿ ಬೀಳದಂತೆ ಬದಿಗೆ ಬಟ್ಟೆ ಕಟ್ಟಿ ಅಥವಾ ದಿಂಬು ಒತ್ತರಿಸಿ. ಹಾಯಿಕಂಬಕ್ಕೆ ಹಗ್ಗ ಬಡಿಯುವ ಟಕ್ ಟಕ್ ಸದ್ದು ರಾತ್ರಿಯಿಡೀ ಕಾಡುತ್ತದೆ. ಮಲಗುವ ಮೊದಲು ಆ ಹಗ್ಗವನ್ನು ಕಂಬದಿಂದ ದೂರ ಎಳೆದು ಕಟ್ಟಿಸಿ. ಗೊರಕೆಗೆ ಮೆಷಿನ್ ಬಳಸುವವರು ಅದಕ್ಕೆ ತಕ್ಕ ಬ್ಯಾಟರಿ ತನ್ನಿ, ಇಲ್ಲವಾದರೆ ಆ ರಾತ್ರಿ ದಡದಲ್ಲೇ ಇರಿ.

ರಾತ್ರಿ ಸಾಗುವುದೇ ಆದರೆ ಎರಡು ಮೂರು ಗಂಟೆಯ ಪಾಳಿ ಮಾಡಿ. ಪಾಳಿಯಲ್ಲಿ ಇಬ್ಬರಿರಲಿ. ಕತ್ತಲಿಗೆ ಕಣ್ಣು ಹೊಂದಿಕೊಳ್ಳಲು ಇಪ್ಪತ್ತು ಮೂವತ್ತು ನಿಮಿಷ ಬೇಕು. ಒಂದು ಬಿಳಿ ಟಾರ್ಚ್ ಅದನ್ನು ಕ್ಷಣದಲ್ಲಿ ಕೆಡಿಸುತ್ತದೆ. ಮಂದವಾದ ಕೆಂಪು ದೀಪ ಬಳಸಿ.

*7. ಚಳಿ, ಇಬ್ಬನಿ*

"ಮುಂಬೈಯಲ್ಲಿ ಎಲ್ಲಿಯ ಚಳಿ" ಎಂದು ಟೀ ಶರ್ಟಿನಲ್ಲಿ ಹೋಗಬೇಡಿ. ಡಿಸೆಂಬರ್, ಜನವರಿಯಲ್ಲಿ ನಡುರಾತ್ರಿಯ ಮೇಲೆ ಇಬ್ಬನಿಗೆ ಎಲ್ಲವೂ ಒದ್ದೆಯಾಗುತ್ತದೆ, ಅದರ ಮೇಲೆ ಗಾಳಿ. ಚಳಿಗೆ ರಕ್ತನಾಳಗಳು ಕುಗ್ಗಿ ಬಿ.ಪಿ. ಏರುತ್ತದೆ, ಹೃದಯದ ಕೆಲಸ ಹೆಚ್ಚುತ್ತದೆ. ಒಂದು ಉಣ್ಣೆಯ ಸ್ವೆಟರ್, ಕಿವಿ ಮುಚ್ಚುವ ಟೋಪಿ, ಗಾಳಿ ತಡೆಯುವ ಜಾಕೆಟ್, ಪೂರ್ತಿ ಒಣಗಿದ ಒಂದು ಜೊತೆ ಬಟ್ಟೆ ಮತ್ತು ಕಾಲುಚೀಲ ಪ್ಲಾಸ್ಟಿಕ್ಕಿನಲ್ಲಿ ಕಟ್ಟಿಡಿ. ಉಪ್ಪುನೀರು ತಾಗಿದ ಹತ್ತಿ ಬಟ್ಟೆ ಒಣಗುವುದಿಲ್ಲ. ಒದ್ದೆಯಾದರೆ ಕೂಡಲೇ ಬದಲಿಸಿ.

*8. ತಲೆಗೆ ಪೆಟ್ಟು, ರಕ್ತ ತೆಳುವಾಗಿಸುವ ಮಾತ್ರೆ*

ಹಾಯಿಯ ಕೆಳಗೆ ಬೂಮ್ ಎಂಬ ಅಡ್ಡಗೋಲು ಇರುತ್ತದೆ. ದೋಣಿ ದಿಕ್ಕು ಬದಲಿಸುವಾಗ ಅದು ತಲೆಯ ಮಟ್ಟದಲ್ಲಿ ರಭಸವಾಗಿ ಬೀಸುತ್ತದೆ. ನಡೆಸುವವರು ಕೂಗಿದ ಕೂಡಲೇ ತಲೆ ತಗ್ಗಿಸಿ. ವಾರ್ಫರಿನ್‌ನಂಥ ಮಾತ್ರೆ ತೆಗೆದುಕೊಳ್ಳುವವರು, ಸ್ಟೆಂಟ್ ಆಗಿ ಎರಡು ಬಗೆಯ ರಕ್ತ ತೆಳುವಾಗಿಸುವ ಮಾತ್ರೆ ನುಂಗುವವರು ತಲೆಗೆ ಜೋರು ಪೆಟ್ಟು ಬಿದ್ದರೆ, "ಏನೂ ಆಗಿಲ್ಲ" ಅನ್ನಿಸಿದರೂ, ಪ್ರವಾಸ ಅಲ್ಲಿಗೆ ಮುಗಿಸಿ ದಡಕ್ಕೆ ಮರಳಿ ಆಸ್ಪತ್ರೆಗೆ ಹೋಗಬೇಕು. ತಲೆಯೊಳಗಿನ ರಕ್ತಸ್ರಾವ ಕೆಲವೊಮ್ಮೆ ಗಂಟೆಗಳ ನಂತರ ಗೊತ್ತಾಗುತ್ತದೆ.

*9. ದೋಣಿ ನಡೆಸುವವರಿಗೆ ಎಲ್ಲ ಹೇಳಿ*

ನೌಕಾಪಡೆಯ ಅಭಿಲಾಷ್ ಟೋಮಿ ಅವರ ಹೆಸರು ಕೇಳಿರುತ್ತೀರಿ. 2013ರಲ್ಲಿ ಒಬ್ಬರೇ, ಎಲ್ಲೂ ನಿಲ್ಲದೆ, ಹಾಯಿದೋಣಿಯಲ್ಲಿ ಪ್ರಪಂಚ ಸುತ್ತಿ ಮುಂಬೈಗೆ ಮರಳಿದವರು. 2018ರ ಸ್ಪರ್ಧೆಯಲ್ಲಿ ದಕ್ಷಿಣ ಹಿಂದೂ ಮಹಾಸಾಗರದ ಬಿರುಗಾಳಿಗೆ ಅವರ ದೋಣಿಯ ಕಂಬ ಮುರಿಯಿತು, ಬೆನ್ನಿಗೆ ತೀವ್ರ ಪೆಟ್ಟಾಯಿತು. ಮಲಗಿದಲ್ಲಿಂದಲೇ ತಮ್ಮ ಸ್ಥಿತಿಯನ್ನು ಚುಟುಕು ಸಂದೇಶಗಳಲ್ಲಿ ತಿಳಿಸಿದರು. ಮೂರು ದಿನದ ಮೇಲೆ ಫ್ರಾನ್ಸಿನ ಒಂದು ಹಡಗು ಅವರನ್ನು ಎತ್ತಿಕೊಂಡಿತು. 2023ರಲ್ಲಿ ಅದೇ ಸ್ಪರ್ಧೆಯಲ್ಲಿ ಎರಡನೆಯ ಸ್ಥಾನ ಪಡೆದರು. ಅಂಥವರೇ "ನನಗೆ ಏಳಲಾಗುತ್ತಿಲ್ಲ" ಎಂದು ಹೇಳಲು ಸಂಕೋಚ ಪಡಲಿಲ್ಲ. ನಮಗೇಕೆ ಸಂಕೋಚ?

ಒಂದು ಚೀಟಿಯಲ್ಲಿ ನಿಮ್ಮ ಹೆಸರು, ವಯಸ್ಸು, ಕಾಯಿಲೆ, ಮಾತ್ರೆಗಳು, ಯಾವುದಕ್ಕೆ ಅಲರ್ಜಿ, ವೈದ್ಯರ ಫೋನ್ ಬರೆದು ದೋಣಿ ನಡೆಸುವವರ ಕೈಗೆ ಕೊಡಿ. ದಡದಲ್ಲಿರುವ ಒಬ್ಬರಿಗೆ ಎಲ್ಲಿ ಹೋಗುತ್ತೀರಿ, ಎಷ್ಟು ಹೊತ್ತಿಗೆ ಮರಳುತ್ತೀರಿ ಎಂದು ತಿಳಿಸಿ.

ಎದೆಯಲ್ಲಿ ಒತ್ತಿದಂತೆ ನೋವು, ಎಡತೋಳಿಗೆ ಅಥವಾ ದವಡೆಗೆ ಹರಡುವ ನೋವು, ತಣ್ಣನೆಯ ಬೆವರು, ಉಸಿರು ಕಟ್ಟುವುದು ಕಂಡರೆ ಗ್ಯಾಸ್ ಎಂದು ಕಾಯಬೇಡಿ:

- ಒರಗಿಸಿ ಕೂರಿಸಿ. ಕೆಲಸ ಮಾಡಿಸಬೇಡಿ, ನಡೆಸಬೇಡಿ.
- ಆಸ್ಪಿರಿನ್ ಅಲರ್ಜಿ ಅಥವಾ ರಕ್ತಸ್ರಾವದ ತೊಂದರೆ ಇಲ್ಲದಿದ್ದರೆ 300 ಮಿ.ಗ್ರಾಂ. ಆಸ್ಪಿರಿನ್ ಅಗಿದು ನುಂಗಿಸಿ.
- ನಾಲಿಗೆಯ ಕೆಳಗಿನ ಮಾತ್ರೆ ವೈದ್ಯರು ಮೊದಲೇ ಕೊಟ್ಟಿದ್ದರೆ ಮಾತ್ರ, ಕುಳಿತೇ ಇಡಿ. ತಲೆಸುತ್ತು ಇದ್ದರೆ, ಬಿ.ಪಿ. ಕಡಿಮೆ ಇದ್ದರೆ, ಹಿಂದಿನ ಎರಡು ದಿನದಲ್ಲಿ ಲೈಂಗಿಕ ಶಕ್ತಿಯ ಮಾತ್ರೆ ತೆಗೆದುಕೊಂಡಿದ್ದರೆ ಅದು ಬೇಡ.
- ಹಾಯಿ ಇಳಿಸಿ ಎಂಜಿನ್ ಹಾಕಿ ಹತ್ತಿರದ ಜೆಟ್ಟಿಗೆ ಹೊರಡಿ. ಕೋಸ್ಟ್ ಗಾರ್ಡ್ ಸಹಾಯವಾಣಿ 1554, ಸಾಮಾನ್ಯ ತುರ್ತು ಸಂಖ್ಯೆ 112. ದೋಣಿಯ ವಿ.ಎಚ್.ಎಫ್. ರೇಡಿಯೋದಲ್ಲಿ ಚಾನೆಲ್ 16. ಜೆಟ್ಟಿಗೆ ಆಂಬುಲೆನ್ಸ್ ಬಂದು ನಿಂತಿರುವಂತೆ ದಾರಿಯಲ್ಲೇ ಏರ್ಪಾಡು ಮಾಡಿ.

*ಕೊನೆಯಲ್ಲಿ*

ಆ ಕುಂದಾಪುರದವರು ಮರುವರ್ಷ ಮತ್ತೆ ಹೋಗುತ್ತೇನೆಂದು ಬಂದರು. ಹೆಂಡತಿ ಬೇಡವೆಂದರು, ಮಗ ಹೆದರಿದ್ದ. ನಾನು ಎಕೋ ಪರೀಕ್ಷೆ ಮಾಡಿ, ಮೆಟ್ಟಿಲು ಹತ್ತಿಸಿ ನೋಡಿ, ಹೋಗಿ ಬನ್ನಿ ಎಂದೆ. ಆದರೆ ಒಂದು ಷರತ್ತು ಹಾಕಿದೆ. ಮಗ ಸೊಸೆಯನ್ನು ಎದುರಿಗೆ ಕೂರಿಸಿ, ಯಾವ ಮಾತ್ರೆ ಯಾವಾಗ, ಬಾಟಲಿ ಎಲ್ಲಿ, ರಾತ್ರಿ ಯಾರನ್ನು ಎಬ್ಬಿಸುವುದು ಎಂದು ಅವರ ಬಾಯಿಂದಲೇ ಹೇಳಿಸಿದೆ. ಹೇಳುವಾಗ ಅವರ ಮುಖ ಕೆಂಪಾಯಿತು. ಸೊಸೆ ನಕ್ಕು, "ಮಾವ, ನಮ್ಮಪ್ಪನಿಗೂ ಇದೇ ತೊಂದರೆ. ಇಷ್ಟಕ್ಕೇ ಹೋದ ಸಲ ಮಾತ್ರೆ ಬಿಟ್ರಾ?" ಅಂದಳು. ಅವರಿಗೆ ಮಾತು ಹೊರಡಲಿಲ್ಲ.

ಭಾನುವಾರ ಬೆಳಿಗ್ಗೆ ಆರೂಮುಕ್ಕಾಲಿಗೆ ನನಗೊಂದು ವಾಯ್ಸ್ ಮೆಸೇಜ್ ಬಂತು. ಹಿಂದೆ ನೀರಿನ ಸದ್ದು. "ಡಾಕ್ಟ್ರೇ, ರಾತ್ರಿ ಎರಡು ಸಲ ಎದ್ದೆ. ಎರಡು ಸಲವೂ ಮಗನನ್ನ ಎಬ್ಬಿಸಿದೆ. ಈಗ ಏಳು ಗಂಟೆ ಮಾತ್ರೆ ತಗೊಳ್ತಾ ಇದ್ದೀನಿ. ಸೂರ್ಯ ಬರ್ತಾ ಇದ್ದಾನೆ."

ನೀವೂ ಹೋಗಿ ಬನ್ನಿ. ಹೊರಡುವ ಮುನ್ನ ಮನೆಯವರೆಲ್ಲ ಒಮ್ಮೆ ಕುಳಿತು ಮಾತಾಡಿ.

ಇದು ಸಾಮಾನ್ಯ ತಿಳಿವಳಿಕೆಗಾಗಿ ಬರೆದದ್ದು. ನಿಮ್ಮ ಮಾತ್ರೆಯ ವಿಷಯದಲ್ಲಿ ನಿಮ್ಮ ವೈದ್ಯರ ಮಾತೇ ಕೊನೆಯದು. ದೋಣಿಯ ಆಸೆ ಇರುವ ಮಕ್ಕಳಿಗೂ, ಅವರ ಅಪ್ಪ ಅಮ್ಮಂದಿರಿಗೂ ಇದನ್ನು ಕಳುಹಿಸಿ.

ನಿಮ್ಮ ಹೃದಯ ಚೆನ್ನಾಗಿರಲಿ.